ಎರಡು ಬೆರಳಿನ ಜಾಗ

ಧ್ವನಿ ಸಂದೇಶ
ಕಾಪು, 9 ಫೆಬ್ರವರಿ 2025, ಆದಿತ್ಯವಾರ

…ಅಲ್ಲ, ಹಾಗಲ್ಲ, ಪುನಃ ಮೊದಲಿಂದ ಹೇಳ್ತೇನೆ. ಕ್ಷಮಿಸು ರಿಯಾಝ್, ಇದು ನಾಲ್ಕನೇ ಸಲ ಶುರು ಮಾಡುವುದು. ಮೂರು ಸಲ ಮಾತಾಡಿ ಮೂರೂ ಅಳಿಸಿದೆ. ಮೊದಲನೆಯದನ್ನು ತುಳುವಿನಲ್ಲಿ ಹೇಳಿದ್ದೆ, ಕೇಳಿ ನೋಡಿದರೆ ಜಗಳಕ್ಕೆ ಬಂದವನ ಹಾಗೆ ಉಂಟು. ಹಾಗಾಗಿ ಕನ್ನಡ. ಕನ್ನಡದಲ್ಲಾದರೆ ನನಗೆ ಸ್ವಲ್ಪ ಮರ್ಯಾದೆ ಬರ್ತದೆ. ಏಳನೇ ಕ್ಲಾಸಿನಲ್ಲಿ ನಾವಿಬ್ಬರೂ ಪತ್ರ ಬರೆಯಲಿಕ್ಕೆ ಕಲಿತದ್ದಲ್ವಾ, ಊರು, ತಾರೀಕು ಹಾಕಿ? ಹಾಗೆಯೇ ಅಂತ ತಿಳ್ಕೊ.

ನಾನು ಶೀನ. ಕಾಪು ಪೇಟೆಯ ಟೈಲರ್ ಶೀನ. ನಾವು ಮಾತು ಬಿಟ್ಟು ಹನ್ನೊಂದು ವರ್ಷ ಆಯಿತು. ನಿನ್ನ ತಂಗಿ ಸಬೀನಾಳಿಗೆ ನೀರಿನಲ್ಲಿ ಹಾಕುವ ಉದ್ದ ಕೈಯ ಡ್ರೆಸ್ಸು ನಾನು ಹೊಲಿದುಕೊಟ್ಟದ್ದು, ಅದನ್ನು ತಕ್ಕೊಂಡು ಅವಳು ಅಂಡಮಾನಿಗೆ ಸ್ಕೂಬಾ ಕಲಿಯಲಿಕ್ಕೆ ಹೋದದ್ದು, ನೀನು ಮಸ್ಕತ್ತಿನಿಂದ ಫೋನ್ ಮಾಡಿ "ಶೀನ, ನೀನು ನನ್ನ ಬೆನ್ನ ಹಿಂದೆ ಹೊಲಿದೆ" ಅಂತ ಹೇಳಿ ಇಟ್ಟದ್ದು. ಅಷ್ಟೇ. ನಾನು ಹರಟೆಯವ. ಒಂದು ವಾಕ್ಯಕ್ಕೆ ಒಂದು ವಾಕ್ಯದ ಉತ್ತರ ನನ್ನ ಹತ್ತಿರ ಇರುವುದಿಲ್ಲ. ಹಾಗಾಗಿ ಕೊಡಲೇ ಇಲ್ಲ.

ಈ ಸಲ ಬೆನ್ನ ಹಿಂದೆ ಬೇಡ ಅಂತ ಮೊದಲೇ ಹೇಳ್ತಾ ಇದ್ದೇನೆ. ಸಬೀನಾ ಈಗ ಮಣಿಪಾಲದಲ್ಲಿ ಈಜು ಕಲಿಸ್ತಾಳೆ. ಏಪ್ರಿಲ್ ರಜೆಯಲ್ಲಿ ಮಕ್ಕಳಿಗೆ ಸ್ಕೂಬಾ ತೋರಿಸಬೇಕಂತೆ. ಸಮುದ್ರದಲ್ಲಿ ಅಲ್ಲ ಮಾರಾಯ, ಈಜುಕೊಳದಲ್ಲಿ, ನನ್ನ ಎದೆಮಟ್ಟದ ನೀರಿನಲ್ಲಿ. ಸಾಮಾನು ಮಾತ್ರ ಎಲ್ಲ ದೊಡ್ಡವರದ್ದು. ಮಕ್ಕಳದ್ದು ಹೊರಗಿಂದ ಬರಬೇಕು, ಏಪ್ರಿಲಿಗೆ ಸಿಗುವ ಅಂದಾಜಿಲ್ಲ. ನಿನ್ನೆ ಬಂದು ನನ್ನ ಕಟಿಂಗ್ ಮೇಜಿನ ಮೇಲೆ ಒಂದು ಜಾಕೆಟ್ ಧೊಪ್ಪಂತ ಹಾಕಿದಳು. ಗಾಳಿ ತುಂಬುವ ಜಾಕೆಟ್, ಬೆನ್ನಿಗೆ ಸಿಲಿಂಡರ್ ಕಟ್ಟುವಂಥದ್ದು. ನಿನಗೆ ನಾನು ವಿವರಿಸುವುದೆಂತ, ಇಪ್ಪತ್ತು ವರ್ಷದಿಂದ ಅದನ್ನೇ ರಿಪೇರಿ ಮಾಡುವವ ನೀನು.

"ಶೀನಣ್ಣ, ಇದನ್ನು ಎಂಟು ವರ್ಷದ ಮಗುವಿಗೆ ಆಗುವ ಹಾಗೆ ಮಾಡಿಕೊಡಿ" ಅಂದಳು.

"ಇದರಲ್ಲಿ ಇಬ್ಬರು ಮಕ್ಕಳು ಹಿಡಿಯುತ್ತಾರೆ ಮಾರಾಯ್ತಿ" ಅಂದೆ.

"ಒಬ್ಬರು ಸಾಕು. ಆ ಒಬ್ಬರು ಜಾರಬಾರದು."

ಆ ಮಾತು ಕೇಳಿದಲ್ಲಿಂದ ನನಗೆ ಊಟ ಸೇರ್ತಾ ಇಲ್ಲ. ಯೂನಿಫಾರ್ಮಿನ ಚಡ್ಡಿ ಜಾರಿದರೆ ಮಕ್ಕಳು ನಗಾಡ್ತಾರೆ, ಅಷ್ಟೇ. ಇದು ಹಾಗಲ್ಲ. ಎಲ್ಲಿ ಕತ್ತರಿಸಬಹುದು, ಎಲ್ಲಿ ಸೂಜಿ ಹಾಕಬಾರದು, ಒಂದು ಮಾತು ಹೇಳು. ಬೈದು ಹೇಳಿದರೂ ಆದೀತು.

ಇಂತಿ ನಿನ್ನ ಶೀನ. ಇದನ್ನು ಅಳಿಸುವುದಿಲ್ಲ, ಕಳಿಸ್ತೇನೆ.

*

ಮಸ್ಕತ್, 14 ಫೆಬ್ರವರಿ 2025

ಶೀನ,

ಗಾಳಿ ನಿಲ್ಲುವ ಪದರಕ್ಕೆ ಸೂಜಿ ತಾಗಿಸಬೇಡ. ಒಂದು ತೂತು ಸಾಕು. ಪಟ್ಟಿಗಳನ್ನು ಮಾತ್ರ ಮುಟ್ಟು. ಗಂಟು ಎಲ್ಲಿಯೂ ಬೇಡ, ಎಲ್ಲ ಕಡೆ ಒಂದೇ ಕೈಯಲ್ಲಿ ಬಿಚ್ಚುವ ಬಕಲ್ ಇರಲಿ.

ಮಾಡಬೇಡ ಎಂಬುದು ನನ್ನ ಅಭಿಪ್ರಾಯ. ಕೇಳಿದ್ದಕ್ಕೆ ಹೇಳಿದ್ದೇನೆ.

ಯಾರ ಮಗು?

ರಿಯಾಝ್

*

ಧ್ವನಿ ಸಂದೇಶ (ಕಳುಹಿಸದೆ ಫೋನಿನಲ್ಲೇ ಉಳಿದದ್ದು)
ಕಾಪು, 16 ಫೆಬ್ರವರಿ 2025

ರಿಯಾಝ್, ಯಾರ ಮಗು ಅಂತ ಕೇಳಿದಿ. ನಿನ್ನ ತಂಗಿಯದ್ದೇ. ಆಸಿಯಾ. ನಿನ್ನ ತಾಯಿ, ಆಸಿಯಮ್ಮ ಉಮ್ಮನ ಹೆಸರಿನವಳು. ನೀನು ರಜೆಯಲ್ಲಿ ಬಂದರೂ ತಂಗಿಯ ಮನೆಗೆ ಹೋಗದವ, ಮಗುವನ್ನು ಫೋಟೋದಲ್ಲಿ ಮಾತ್ರ ಕಂಡದ್ದು. ಅವಳ ಅಪ್ಪ ಹಡಗಿನಲ್ಲಿ, ಆರು ತಿಂಗಳಿಗೊಮ್ಮೆ ಬರುವುದು. ಇಲ್ಲಿ ತಾಯಿ, ಮಗಳು ಇಬ್ಬರೇ.

"ಬೇರೆಯವರ ಮಗುವನ್ನು ಮೊದಲು ಇಳಿಸಲಿಕ್ಕೆ ನನಗೆ ಮನಸ್ಸಾಗುವುದಿಲ್ಲ ಶೀನಣ್ಣ. ಮೊದಲು ನನ್ನದು" ಅಂದಳು ಸಬೀನಾ, ಮೊನ್ನೆ ಮಗುವನ್ನು ಅಳತೆಗೆ ಕರ್ಕೊಂಡು ಬಂದಾಗ. ಆಮೇಲೆ ಬಾಗಿಲ ತನಕ ಹೋದವಳು ತಿರುಗಿ, "ಅಣ್ಣನಿಗೆ ಹೇಳಬೇಡಿ" ಅಂದಳು. ಹೇಳುವುದಿಲ್ಲ ಅಂದೆ. ಅಷ್ಟರಲ್ಲಿ ನಿನಗೆ ಒಂದು ಸಂದೇಶ ಹೋಗಿ ಆಗಿತ್ತು.

ಮಗು ಸ್ಟೂಲಿನ ಮೇಲೆ ನಿಂತು ಅಳತೆ ಕೊಟ್ಟಳು. ಉಮ್ಮನದ್ದೇ ಮೂಗು, ಉಮ್ಮನದ್ದೇ ಬಾಯಿ. "ಶೀನ ಮಾಮ, ನಿಮ್ಮ ಟೇಪು ಯಾಕೆ ತಣ್ಣಗೆ ಉಂಟು?" "ಶೀನ ಮಾಮ, ನಿಮಗೆ ಈಜಲಿಕ್ಕೆ ಬರ್ತದಾ?" ಬರುವುದಿಲ್ಲ ಅಂದೆ. "ಸಮುದ್ರ ಇಷ್ಟು ಹತ್ತಿರ ಇದ್ದೂ?" ಅಂತ ಕೇಳಿದಳು. ಉಮ್ಮ ಕೇಳಿದ ಹಾಗೆಯೇ ಆಯಿತು ನನಗೆ. ನೀನು ಮತ್ತು ನಾನು ಶಾಲೆ ತಪ್ಪಿಸಿ ದೀಪಸ್ತಂಭದ ಬಂಡೆಗೆ ಹೋಗಿ ನೀನು ಮಾತ್ರ ನೀರಿಗೆ ಹಾರುತ್ತಿದ್ದಿ, ನಾನು ನಿನ್ನ ಅಂಗಿ ಹಿಡ್ಕೊಂಡು ಕೂತ್ಕೊಳ್ತಿದ್ದೆ. ನಾನು ಈಗಲೂ ಅಂಗಿ ಹಿಡಿಯುವವನೇ.

ಇಲ್ಲ, ಇದನ್ನು ಕಳಿಸುವುದಿಲ್ಲ. ಅವಳಿಗೆ ಮಾತು ಕೊಟ್ಟಿದ್ದೇನೆ.

*

ಧ್ವನಿ ಸಂದೇಶ
ಕಾಪು, 16 ಫೆಬ್ರವರಿ 2025

ರಿಯಾಝ್, ಗಂಟು ಬೇಡ, ಬಕಲ್ ಬೇಕು. ಬರೆದು ಮೆಷಿನಿನ ಮೇಲೆ ಅಂಟಿಸಿದ್ದೇನೆ. ಮಗು ಅಂದರೆ… ಸಬೀನಾಳ ಕ್ಲಾಸಿಗೆ ಬರುವ ಒಂದು ಮಗು. ಶೀನ.

*

ಧ್ವನಿ ಸಂದೇಶ
ಕಾರ್ಕಳ ಬಸ್ ಸ್ಟ್ಯಾಂಡ್, 24 ಮಾರ್ಚ್ 2025

ರಿಯಾಝ್, ಗಲಾಟೆ ಕೇಳಿದರೆ ಕ್ಷಮಿಸು, ಬಸ್ಸು ಕಾಯ್ತಾ ಇದ್ದೇನೆ. ಇಲ್ಲಿ ಒಂದು ಶಾಲೆಯ ಯೂನಿಫಾರ್ಮಿನ ಅಳತೆ ಇತ್ತು, ನೂರ ನಲವತ್ತು ಮಕ್ಕಳು. ನಿನಗೆ ರಂಜಾನ್ ಉಪವಾಸ, ಬೈಗಿನವರೆಗೆ ನನ್ನ ಬಾಯಿಯನ್ನೂ ಸಹಿಸಬೇಕು.

ಜಾಕೆಟ್ ಆಯಿತು. ಹೆಗಲಿನ ಪಟ್ಟಿ ನಾಲ್ಕೂವರೆ ಇಂಚು ಹತ್ತಿರ ತಂದೆ. ಸೊಂಟದ ಪಟ್ಟಿ ಕತ್ತರಿಸಿ ಹೊಸ ಬಕಲ್ ಹಾಕಿದೆ. ದಪ್ಪ ನೈಲಾನ್ ನೂಲು, ಒಂದೊಂದು ಜಾಗಕ್ಕೆ ಮೂರು ಸಲ ಹಿಂದೆ ಮುಂದೆ ಹೊಲಿಗೆ. ಗಾಳಿಯ ಪದರದ ಹತ್ತಿರ ಸೂಜಿ ಹೋಗಲಿಲ್ಲ.

ಪರೀಕ್ಷೆ ಮಾಡದೆ ಕೊಡುವುದು ಹೇಗೆ? ಅಂಗಡಿಯಲ್ಲಿ ಮಕ್ಕಳ ಫ್ರಾಕ್ ತೋರಿಸುವ ಗೊಂಬೆ ಉಂಟಲ್ಲ, ಅದಕ್ಕೆ ಹೊಟ್ಟೆಯೊಳಗೆ ಮರಳು ತುಂಬಿಸಿ, ಜಾಕೆಟ್ ತೊಡಿಸಿ, ಮನೆಯ ಬಾವಿಗೆ ಇಳಿಸಿದೆ. ನಾಲ್ಕು ಮನೆಯವರು ಓಡಿ ಬಂದರು ಮಾರಾಯ! ಒಬ್ಬಳು "ಅಯ್ಯೋ ಮಗು" ಅಂತ ಕಿರುಚಿಯೇ ಬಿಟ್ಟಳು. ಚಂಪಾ ಜಗಲಿಯಲ್ಲಿ ನಿಂತು ಎಲ್ಲರಿಗೂ ಹೇಳಿದಳು, "ಎಂತ ಇಲ್ಲ, ಮಗುವಿಗೆ ನೀರಿನ ಹೆದರಿಕೆ ಇಲ್ಲ, ನಮ್ಮ ಇವರಿಗೆ ಉಂಟು" ಅಂತ. ಹೆಂಡತಿ ಅಂದರೆ ಹೀಗೆ. ಆದರೆ ಜಾಕೆಟ್ ಒಂದು ಕೂದಲೆಳೆ ಅಲ್ಲಾಡಲಿಲ್ಲ. ಗೊಂಬೆಗೆ ಹೇಗೆ ತೊಡಿಸಿದೆನೋ ಹಾಗೆಯೇ ಮೇಲೆ ಬಂತು.

ಆದರೂ ಸಮಾಧಾನ ಇಲ್ಲ. ಏಪ್ರಿಲ್ ಐದಕ್ಕೆ ಇಳಿಸ್ತಾಳಂತೆ. ಮಗು ಉಸಿರು ಎಳೆದಾಗ ಎದೆ ಎಷ್ಟು ಉಬ್ಬುತ್ತದೆ ಅಂತ ನಾನು ಲೆಕ್ಕ ಹಾಕ್ತಾ ಕೂತಿದ್ದೇನೆ. ಬಿಗಿಯಾದರೆ ಉಸಿರಾಡುವುದು ಹೇಗೆ? ಅದಕ್ಕೆ ಸ್ವಲ್ಪ ಜಾಗ ಬಿಟ್ಟಿದ್ದೇನೆ. ಸರಿಯಲ್ವಾ? ಸರಿ ಅಂತ ಒಂದು ಮಾತು ಬರಿ.

ಬಸ್ಸು ಬಂತು. ಶೀನ.

*

ಧ್ವನಿ ಸಂದೇಶ
ಮಣಿಪಾಲ, 5 ಏಪ್ರಿಲ್ 2025

ರಿಯಾಝ್. ಮೊದಲೇ ಹೇಳ್ತೇನೆ, ಮಗು ಚೆನ್ನಾಗಿದ್ದಾಳೆ. ಡಾಕ್ಟರರು ನೋಡಿದರು, ಎದೆಯ ಫೋಟೋ ತೆಗೆದರು, ಶ್ವಾಸಕೋಶಕ್ಕೆ ಏನೂ ಆಗಿಲ್ಲ ಅಂದರು. ಸಂಜೆವರೆಗೆ ಇಟ್ಟುಕೊಂಡು ಬಿಡ್ತಾರೆ. ನಾನು ಹೊರಗೆ ಬೆಂಚಿನಲ್ಲಿದ್ದೇನೆ.

ಮಗು ಆಸಿಯಾ. ನಿನ್ನ ಸಬೀನಾಳ ಆಸಿಯಾ. ಕ್ಲಾಸಿನ ಮಗು ಅಂತ ನಾನು ಸುಳ್ಳು ಹೇಳಿದ್ದು. ಹೇಳಬಾರದು ಅಂತ ಅವಳು ಅಂದಿದ್ದಳು, ಆದರೆ ಸುಳ್ಳು ನನ್ನದು.

ಮೊದಲ ಎರಡು ನಿಮಿಷ ಎಲ್ಲ ಸರಿ ಇತ್ತು. ನೀರಿನಡಿಯಲ್ಲಿ ಮೊಣಕಾಲೂರಿ ಕೂತಿದ್ದಳು, ಗುಳ್ಳೆ ಬರ್ತಾ ಇತ್ತು, ಸಬೀನಾ ಎದುರಿಗೇ ಇದ್ದಳು. ಆಮೇಲೆ ಸಬೀನಾ ಜಾಕೆಟಿಗೆ ಚೂರು ಗಾಳಿ ಬಿಟ್ಟಳು. ಜಾಕೆಟ್ ಮೇಲೆ ಹೋಯಿತು ರಿಯಾಝ್, ಮಗು ಕೆಳಗೇ ಉಳಿಯಿತು. ಕಿವಿಯವರೆಗೆ ಬಂತು ಜಾಕೆಟ್. ಗಲ್ಲವನ್ನು ಒತ್ತಿ ಬಾಯಿಯಲ್ಲಿ ಕಚ್ಚಿದ್ದ ಉಸಿರಿನ ಪೈಪಿನ ತುಂಡನ್ನು ಕಿತ್ತು ಹಾಕಿತು. ಸಬೀನಾ ಒಂದೇ ಏಟಿಗೆ ಎತ್ತಿ ಮೆಟ್ಟಿಲಿನಲ್ಲಿ ಕೂರಿಸಿದಳು. ನೀರು ಕುಡಿದಿದ್ದಳು, ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಅರ್ಧ ನಿಮಿಷ ಒಂದು ಮಾತಿಲ್ಲ. ಕಣ್ಣು ಬಿಟ್ಟುಕೊಂಡು ಸುಮ್ಮನೆ. ಅರ್ಧ ನಿಮಿಷವೇ ಇರಬಹುದು, ನಾನು ಗಡಿಯಾರ ನೋಡಲಿಲ್ಲ. ಆಮೇಲೆ "ಶೀನ ಮಾಮ, ಜಾಕೆಟ್ ನನ್ನನ್ನು ಬಿಟ್ಟು ಹೋಯಿತು" ಅಂದಳು.

ಸಬೀನಾ ಒದ್ದೆ ಜಾಕೆಟನ್ನು ಮಗುವಿನ ಮೈಮೇಲೆ ಸರಿ ಮಾಡಿ, ಸೊಂಟದ ಪಟ್ಟಿಯ ಒಳಗೆ ಎರಡು ಬೆರಳು ಹಾಕಿದಳು. ಆರಾಮವಾಗಿ ಹೋಯಿತು. ನನ್ನ ಮುಖ ನೋಡಿದಳು.

ಆಗ ಗೊತ್ತಾಯಿತು. ನಾನು ಮೂವತ್ತು ವರ್ಷದಿಂದ ಮಕ್ಕಳ ಅಳತೆ ತೆಗೆಯುವುದು ಹೇಗೆ? ಟೇಪಿನ ಒಳಗೆ ಎರಡು ಬೆರಳಿಟ್ಟು. "ಬೆಳೆಯುವ ಮಕ್ಕಳು ಶೀನಣ್ಣ, ಎರಡು ವರ್ಷ ಬರಲಿ" ಅಂತ ತಾಯಂದಿರು ಹೇಳಿ ಹೇಳಿ ಈ ಬೆರಳು ನನ್ನನ್ನು ಕೇಳದೆಯೇ ಟೇಪಿನೊಳಗೆ ಹೋಗ್ತದೆ. ಆಸಿಯಾಳಿಗೂ ಹೋಗಿತ್ತು. ಮೇಲಿಂದ ಉಸಿರಿಗೆ ಅಂತ ಬೇರೆ ಬಿಟ್ಟಿದ್ದೆ. ನನ್ನ ಗೊಂಬೆಗೆ ಸೊಂಟ ಉಂಟು, ಹಾಗಾಗಿ ಜಾಕೆಟ್ ನಿಂತಿತು. ಎಂಟು ವರ್ಷದ ಮಗುವಿಗೆ ಸೊಂಟ ಎಲ್ಲಿ? ಮೇಲಿಂದ ಕೆಳಗೆ ಒಂದೇ ಸಮ. ಮಕ್ಕಳ ಟೈಲರ್ ನಾನು, ನನಗೆ ಗೊತ್ತಿರಬೇಕಿತ್ತು.

ನೀನು ಬೈಬೇಕು. ದಯವಿಟ್ಟು ಬೈ.

ಶೀನ.

*

ಧ್ವನಿ ಸಂದೇಶ
ಕಾಪು, 15 ಏಪ್ರಿಲ್ 2025

ಮೈಕಿನ ಗುರುತು ನೀಲಿ ಆಗಿದೆ, ನೀನು ಕೇಳಿದ್ದಿ ಅಂತ ಅರ್ಥ. ಹತ್ತು ದಿನ ಆಯಿತು. ಆಸಿಯಾ ನಿನ್ನೆ ಅಂಗಡಿಗೆ ಬಂದಿದ್ದಳು. "ತಪ್ಪು ಜಾಕೆಟಿನದ್ದು, ನೀರಿನದ್ದಲ್ಲ. ಸರಿ ಮಾಡಿ" ಅಂತ ಆರ್ಡರ್ ಕೊಟ್ಟು ಹೋದಳು. ನಾನು ಅದನ್ನು ಮುಟ್ಟುವುದಿಲ್ಲ ಅಂತ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಶೀನ.

*

ಮಸ್ಕತ್, 27 ಏಪ್ರಿಲ್ 2025

ಶೀನ,

ನಿನ್ನ ಮಾತನ್ನು ಮೂರು ವಾರದಿಂದ ಕೇಳುತ್ತಿದ್ದೇನೆ. ಅರ್ಧ ನಿಮಿಷ ಒಂದು ಮಾತಿಲ್ಲ ಎನ್ನುವಲ್ಲಿಗೆ ಬಂದಾಗ ಪ್ರತಿ ಸಲವೂ ನಿಲ್ಲಿಸಿದೆ.

2013ರಲ್ಲಿ ನಾನು ಆಗ ಕೆಲಸ ಮಾಡುತ್ತಿದ್ದ ಅಂಗಡಿಗೆ ಒಂದು ಕುಟುಂಬ ಬಂತು. ಹುಡುಗನಿಗೆ ಎಂಟು ವರ್ಷ. ಚಿಕ್ಕ ಜಾಕೆಟ್ ನಮ್ಮಲ್ಲಿರಲಿಲ್ಲ. ದೊಡ್ಡದರ ಪಟ್ಟಿಗಳನ್ನು ಮಡಿಸಿ, ನೈಲಾನ್ ಹಗ್ಗದಲ್ಲಿ ಗಂಟು ಹಾಕಿ, ಆಗುತ್ತದೆ ಎಂದು ಕೊಟ್ಟವನು ನಾನು. ನೀರಿನಲ್ಲಿ ಅದು ಮೇಲೆ ಸರಿಯಿತು. ಗಂಟು ಬಿಚ್ಚಲು ಆಗಲಿಲ್ಲ. ಹುಡುಗ ಬದುಕಿದ. ಆದರೆ ದೋಣಿಗೆ ಎತ್ತಿದ ಮೇಲೆ ಅವನು ಒಂದು ಮಾತೂ ಆಡಲಿಲ್ಲ. ದಡ ಸೇರುವವರೆಗೆ ನಾನು ಪಕ್ಕದಲ್ಲಿ ಕುಳಿತಿದ್ದೆ. ಆಸ್ಪತ್ರೆಯಿಂದ ಅವರು ಹಾಗೆಯೇ ತಮ್ಮ ದೇಶಕ್ಕೆ ಹೋದರು. ಆಮೇಲೆ ಅವನು ಮಾತಾಡಿದನೋ ಇಲ್ಲವೋ ನನಗೆ ತಿಳಿದಿಲ್ಲ. ಯಾರನ್ನು ಕೇಳಬೇಕೆಂದೂ ತಿಳಿದಿಲ್ಲ.

ಮರುವರ್ಷ ಸಬೀನಾ ಅಂಡಮಾನಿಗೆ ಹೊರಟಳು. ಬಟ್ಟೆಯ ಬಗ್ಗೆ, ಜನರ ಮಾತಿನ ಬಗ್ಗೆ ನನಗೆ ಸಿಟ್ಟು ಎಂದು ಊರೆಲ್ಲ ತಿಳಿಯಿತು. ನೀನೂ ಹಾಗೆಯೇ ತಿಳಿದೆ. ಹಾಗೇ ಇರಲಿ ಎಂದು ಬಿಟ್ಟೆ. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು. ನೀನು ಜಾಗ ಬಿಟ್ಟು ತಪ್ಪು ಮಾಡಿದೆ, ನಾನು ಗಂಟು ಹಾಕಿ ಮಾಡಿದೆ. ನೀನು ಅದೇ ದಿನ ಹೇಳಿದೆ.

ಕಪಾಟಿನ ಬೀಗ ತೆಗೆ. ಎದೆಗೆ ಜಾಗ ಬಿಡು, ಸೊಂಟಕ್ಕೆ ಬಿಡಬೇಡ. ಜಾಕೆಟಿನ ಹಿಂಬದಿಯಿಂದ ಕಾಲುಗಳ ನಡುವೆ ಒಂದು ಪಟ್ಟಿ ಮುಂದಕ್ಕೆ ಬಂದು ಸೊಂಟದ ಬಕಲಿಗೆ ಸೇರಲಿ. ಆಗ ಅದು ಮೇಲೆ ಹೋಗಲಾರದು. ಸೊಂಟದ ಬಕಲ್ ಒತ್ತಿದರೆ ಎರಡೂ ಒಟ್ಟಿಗೆ ಬಿಚ್ಚಿಕೊಳ್ಳಬೇಕು. ಅಳತೆಯನ್ನು ಈಜುಡುಗೆಯ ಮೇಲೆ, ಮಗು ನೀರಿನಲ್ಲಿ ನಿಂತಿರುವಾಗ ತೆಗೆ. ಬಾಯಿಯ ತುಂಡು ದೊಡ್ಡವರದ್ದಾದರೆ ಮಕ್ಕಳ ದವಡೆ ಸೋಲುತ್ತದೆ. ಚಿಕ್ಕದನ್ನು ಕಳುಹಿಸುತ್ತೇನೆ.

ಇದನ್ನು ಸಬೀನಾಳಿಗೆ ಓದಿ ಹೇಳು. ನನ್ನಿಂದ ಆಗುವುದಿಲ್ಲ.

ರಿಯಾಝ್

*

ಧ್ವನಿ ಸಂದೇಶ
ಕಾಪು, 11 ಮೇ 2025

ರಿಯಾಝ್, ನಿನ್ನ ಪತ್ರ ಓದಿ ಹೇಳಲಿಕ್ಕೆ ನನ್ನಿಂದಲೂ ಆಗಲಿಲ್ಲ. ದೋಣಿಯ ಮಾತು ಬಂದಲ್ಲಿ ನಿಲ್ಲಿಸಿದೆ. ಸಬೀನಾ ಫೋನ್ ತಕ್ಕೊಂಡು ತಾನೇ ಓದಿದಳು. ಎರಡು ಸಲ ಓದಿದಳು ಅಂತ ಕಾಣ್ತದೆ, ಬೆರಳು ಪುನಃ ಮೇಲೆ ಹೋಯಿತು. ಆಮೇಲೆ "ನಡುವಿನ ಪಟ್ಟಿಯ ವಿಷಯ ಬರೆದುಕೊಂಡಿರಾ ಶೀನಣ್ಣ?" ಅಂತ ಮಾತ್ರ ಕೇಳಿದಳು. ಮಗುವಿಗೆ ಐಸ್‌ಕ್ರೀಮ್ ಕೊಡಿಸುವ ನೆವದಲ್ಲಿ ಹೊರಗೆ ಹೋಗಿ ತುಂಬ ಹೊತ್ತು ಬರಲಿಲ್ಲ.

ನೀನು ಕಳಿಸಿದ ಪೆಟ್ಟಿಗೆ ನಿನ್ನೆ ಸಿಕ್ಕಿತು. ರಜೆಗೆ ಬಂದ, ನಿನ್ನ ಜೊತೆ ಕೆಲಸ ಮಾಡುವ ಲಿಯೋನೆಲ್ ತಂದದ್ದು, ಶಂಕರಪುರದ ಅವನ ಮನೆಗೆ ನಾನೇ ಹೋದೆ. ಅವನ ಅಮ್ಮ ಆನಿಬಾಯಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. "ಎಂತ ಶೀನ, ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡಿದ್ದಿ" ಅಂತ ತಮಾಷೆ ಮಾಡಿದರು. ಪೆಟ್ಟಿಗೆಯ ಮೇಲೆ ನನ್ನ ಹೆಸರು ಇರಲಿಲ್ಲ, ಸಬೀನಾಳದ್ದೂ ಇಲ್ಲ. ನಿನ್ನ ಅಕ್ಷರದಲ್ಲಿ "ಆಸಿಯಾ" ಅಂತ ಒಂದೇ ಹೆಸರು. ಅದನ್ನು ತೋರಿಸಿದಾಗ ಮಗು ಎಂತ ಹೇಳಿದಳು ಗೊತ್ತುಂಟಾ? "ಮಸ್ಕತ್ ಮಾಮನ ಅಕ್ಷರ ಚಂದ ಉಂಟು. ಅವರು ಮಾತಾಡುವುದಿಲ್ವಾ?"

ಮುಂದಿನ ಆದಿತ್ಯವಾರ ಇಳಿಸುವುದು. ನೀನು ಬೇಡ ಅಂದರೆ ಇಳಿಸುವುದಿಲ್ಲ ಅಂತ ಸಬೀನಾ ಹೇಳಿದ್ದಾಳೆ. ನನಗಲ್ಲ, ನಿನಗೆ ಹೇಳಲಿಕ್ಕೆ ಹೇಳಿದ್ದು.

ಶೀನ.

*

ಮಸ್ಕತ್, 14 ಮೇ 2025

ಶೀನ,

ಇಳಿಸಲಿ.

ಮೇಲೆ ಬರುವಾಗ ಉಸಿರು ಹಿಡಿಯಬಾರದು. 'ಆ' ಎಂದು ಸಣ್ಣಗೆ ಸ್ವರ ಬಿಡುತ್ತಾ ಬರಲಿ. ಸಬೀನಾಳಿಗೆ ಗೊತ್ತು, ಆದರೂ ಹೇಳು.

ನನಗಾಗಿ ಒಂದು ಕೆಲಸ ಮಾಡು. ಅವಳು ನೀರಿನಿಂದ ಮೇಲೆ ಬಂದಾಗ ನೀನು ಮಾತಾಡಬೇಡ. ಫೋನ್ ಹಿಡಿದುಕೊ. ಅವಳ ಮೊದಲ ಮಾತು ನನಗೆ ಕೇಳಬೇಕು. ಅದು ಏನಾದರೂ ಆಗಲಿ.

ರಿಯಾಝ್

*

ಧ್ವನಿ ಸಂದೇಶ
ಮಣಿಪಾಲ, ಈಜುಕೊಳದ ದಡ, 18 ಮೇ 2025, ಆದಿತ್ಯವಾರ ಬೆಳಿಗ್ಗೆ

ರಿಯಾಝ್, ಇಳಿದಿದ್ದಾಳೆ. ಈಗಷ್ಟೇ. ಅವಳು ಮೇಲೆ ಬರುವಾಗ ಮಾತಾಡಬೇಡ ಅಂದಿದ್ದಿ, ಕೆಳಗಿರುವಾಗ ಮಾತಾಡಬೇಡ ಅನ್ನಲಿಲ್ಲ. ಸುಮ್ಮನೆ ಕೂತರೆ ನನ್ನ ಎದೆ ಒಡೀತದೆ.

ನಾನು ಪ್ಯಾಂಟ್ ಮಡಚಿ ಮೆಟ್ಟಿಲಿನಲ್ಲಿ ಕೂತಿದ್ದೇನೆ, ಕಾಲು ನೀರಿನಲ್ಲಿ. ನಗಾಡಬೇಡ. ಅಳತೆಯನ್ನು ನೀರಿನಲ್ಲೇ ತೆಗೆಯಬೇಕು ಅಂತ ಬರೆದವ ನೀನು. ಈ ವಾರ ನಾಲ್ಕು ದಿನ ಸೊಂಟದವರೆಗೆ ಇಳಿದಿದ್ದೇನೆ. ಐವತ್ತು ವರ್ಷದಲ್ಲಿ ಮೊದಲು. ಟೇಪು ಹಿಡಿಯುವಾಗ ಬಲಗೈಯ ಎರಡು ಬೆರಳಿಗೆ ದಾರ ಸುತ್ತಿ ಕಟ್ಟಿಕೊಂಡೆ, ಒಳಗೆ ಹೋಗದ ಹಾಗೆ. ಆಸಿಯಾ "ಶೀನ ಮಾಮನ ಬೆರಳಿಗೂ ಬೆಲ್ಟಾ?" ಅಂತ ಕೇಳಿದಳು.

ಕಾಣ್ತಾ ಇದ್ದಾಳೆ. ಸಬೀನಾ ಎದುರಿಗಿದ್ದಾಳೆ, ಒಂದು ಕೈ ಸಿಲಿಂಡರಿನ ಮೇಲೆ. ಗುಳ್ಳೆ ಬರ್ತಾ ಉಂಟು. ಒಂದು… ಎರಡು… ಒಂದೊಂದು ಉಸಿರಿಗೆ ಒಂದು ಗೊಂಚಲು. ನೀನು ಕಳಿಸಿದ ತುಂಡನ್ನು ಗಟ್ಟಿ ಕಚ್ಚಿದ್ದಾಳೆ, ಕೆನ್ನೆ ಉಬ್ಬಿದ್ದು ಇಲ್ಲಿಗೆ ಕಾಣ್ತದೆ.

ಸಬೀನಾ ಗಾಳಿಯ ಗುಂಡಿಗೆ ಕೈ ಹಾಕಿದಳು. ಈಗ. ರಿಯಾಝ್, ಹೋದ ಸಲ ಇಲ್ಲಿಯೇ… ತಡೆ. ತಡೆ ಮಾರಾಯ.

ಇಲ್ಲ. ನಿಂತಿತು. ಜಾಕೆಟ್ ನಿಂತಿತು. ಜಾಕೆಟ್ಟೂ ಮಗುವೂ ಒಟ್ಟಿಗೆ ಮೇಲೆದ್ದರು. ಒಂದು ಗೇಣು ಮೇಲೆ ತೇಲ್ತಾ ಇದ್ದಾಳೆ. ಪಟ್ಟಿ ಹಿಡಿದಿದೆ. ದೇವರೇ. ಈಗ ಕೈ ಬೀಸಿದಳು, ನನಗಾ? ನನಗೇ ಇರಬೇಕು.

ಮೂರು ನಿಮಿಷ ಆಯಿತು. ಇವತ್ತು ಗಡಿಯಾರ ನೋಡ್ತಾ ಇದ್ದೇನೆ. ಸಬೀನಾ ಹೆಬ್ಬೆರಳು ತೋರಿಸಿದಳು, ಮೇಲೆ ಅಂತ. ಮಗು ತಲೆ ಎತ್ತಿದಳು. ಬರ್ತಾ ಇದ್ದಾರೆ. ಇನ್ನು ನಾನು ಬಾಯಿ ಮುಚ್ಚುತ್ತೇನೆ. ಕೇಳು.

…

…

"…ಆ-ಆ-ಆ… ಶೀನ ಮಾಮಾ! ಎಂತ ಕೂತಿದ್ದೀರಿ? ಬನ್ನಿ, ಬಕಲ್ ತೆಗೀರಿ! ಉಮ್ಮಾ, ಇನ್ನೊಂದ್ ಸಲ ಹೋಗುವಾ, ಕೆಳಗೆ ಯಾರದೋ ಕ್ಲಿಪ್ಪು ಬಿದ್ದಿದೆ, ಅದು ನನಗೆ ಬೇಕು… ಶೀನ ಮಾಮಾ!"

ಕೇಳಿತಾ? ರಿಯಾಝ್, ಕೇಳಿತಾ? ಕರೀತಾ ಇದ್ದಾಳೆ. ಬತ್ತೆ ಮಗಾ, ಬಂದೆ! ನೀರಿಗಿಳಿಯಬೇಕು ಮಾರಾಯ, ಫೋನ್ ಇಡ್ತೇನೆ.